ಪಾಠ ಮನೆಯಲ್ಲಿ, ಲೆಕ್ಕ ಕ್ಲಾಸಿನಲ್ಲಿ: ಎನ್‌ಪಿಟಿಇಎಲ್ ಬಳಸಿ ನೋಡಿದೆ

ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಈ ಸೆಮಿಸ್ಟರ್ ಕ್ರಮವನ್ನೇ ಉಲ್ಟಾ ಮಾಡಿದೆ: ಎನ್‌ಪಿಟಿಇಎಲ್ ವಿಡಿಯೊವನ್ನು ಮನೆಯಲ್ಲೋ ಮೆಟ್ರೊದಲ್ಲೋ ನೋಡಿಕೊಂಡು ಬರಬೇಕು, ಕ್ಲಾಸಿನಲ್ಲಿ ಬರೀ ಲೆಕ್ಕ. ಎನ್‌ಪಿಟಿಇಎಲ್ ಅಂದರೆ ಕಾಲೇಜು ಪಾಠಗಳನ್ನು ಆನ್‌ಲೈನ್ ವಿಡಿಯೊದಲ್ಲಿ ಕೊಡುವ ಯೋಜನೆ, ಐಐಟಿಗಳ ಜೊತೆ ನಮ್ಮ ಐಐಎಸ್‌ಸಿಯೂ ಸೇರಿ 2003ರಲ್ಲಿ ಶುರು ಮಾಡಿದ್ದು. ನೋಡಲು ಒಂದು ಪೈಸೆ ಕೊಡಬೇಕಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಂದರೆ ಮಾತ್ರ ಫೀಸು.

ಹಳೆಯ ಪಾಠಗಳು ಹೆಚ್ಚು ಕಡಿಮೆ ಒಂದು ಗಂಟೆ. ಅಷ್ಟೂ ನೋಡಿ ಅಂದರೆ ಯಾರೂ ನೋಡುವುದಿಲ್ಲ. ಎಲ್ಲಿಂದ ಎಲ್ಲಿವರೆಗೆ ಅಂತ ನಿಮಿಷ ಬರೆದು ಕೊಡಿ.

ಕನ್ನಡ ಮೀಡಿಯಂನಿಂದ ಬಂದ ಒಬ್ಬಳು ಹುಡುಗಿ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರುತ್ತಿದ್ದಳು. ಮೊನ್ನೆ ನೋಟ್‌ಬುಕ್ ತಂದು ತೋರಿಸಿದಳು. ವಿಡಿಯೊ ನಿಲ್ಲಿಸಿ ನಿಲ್ಲಿಸಿ ಇಂಟಿಗ್ರೇಷನ್ನಿನ ಒಂದೊಂದು ಹೆಜ್ಜೆ ಬರೆದಿದ್ದಾಳೆ, ಅರ್ಥವಾಗದ ಒಂದು ಕಡೆ ಕೆಂಪು ಪೆನ್ನಲ್ಲಿ ಪ್ರಶ್ನೆ ಚಿಹ್ನೆ. ತುಂಬಾ ಖುಷಿಯಾಯಿತು. ಬೋರ್ಡಿನಲ್ಲಿ ನಾನು ಓಡಿಸುವ ವೇಗದಲ್ಲಿ ಇದು ಆಗುತ್ತಿತ್ತಾ?

ಜೊತೆಗೆ ಕಾಲೇಜು ಒಂದು ಅಡಾಪ್ಟಿವ್ ಆ್ಯಪ್ ಕೊಂಡಿದೆ. ಮಗು ಎಲ್ಲಿ ಎಡವುತ್ತದೋ ನೋಡಿ ಮುಂದಿನ ಪ್ರಶ್ನೆ ಕೊಡುತ್ತದೆ, ಒಬ್ಬನನ್ನು ಭಿನ್ನರಾಶಿಗೇ ವಾಪಸ್ ಕರೆದುಕೊಂಡು ಹೋಯಿತು, ಅವನಿಗೆ ಬೇಕಿದ್ದದ್ದೂ ಅದೇ. ಆದರೆ 1/2 ಬದಲು 0.5 ಬರೆದರೆ ತಪ್ಪು ಅನ್ನುತ್ತದೆ, ಕನ್ನಡವೂ ಇಲ್ಲ. ಇಷ್ಟು ದುಡ್ಡಿಗೆ ಇದು ಸರಿಯಲ್ಲ.