ಒಂದೇ ಎಂಜಿನ್, ಮೂರು ಟ್ಯಾಂಕ್: ಹಿತ್ತಾಳೆ, ರೆಸಿನ್, ಪಿವಿಸಿ ಪೈಪು

ಚಿಕ್ಕಮಗಳೂರಿಗೆ ರೈಲು ಬಂದದ್ದೇ 2013ರಲ್ಲಿ. ಅದೂ ಬ್ರಾಡ್‌ಗೇಜ್. ನನಗೆ ಹುಚ್ಚು ಹಿಡಿಸಿದ್ದು ಮಾತ್ರ ಎರಡಡಿ ಹಳಿಯ ಪುಟ್ಟ ರೈಲು. ನಮ್ಮ ಜಿಲ್ಲೆಯಲ್ಲೇ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಅಂಥದ್ದೊಂದು ಓಡುತ್ತಿತ್ತು. ಅದರ ಎಂಜಿನ್ನಿನ ಪುಟ್ಟ ಮಾದರಿ ಮಾಡೋಣ ಅಂದರೆ ನಕ್ಷೆ ನನ್ನ ಕೈಗೆ ಸಿಗಲಿಲ್ಲ. ಹಾಗಾಗಿ ಡಾರ್ಜಿಲಿಂಗ್‌ನ ಪುಟ್ಟ ರೈಲಿನ ಬಿ ಕ್ಲಾಸ್ ಉಗಿ ಎಂಜಿನ್ ಹಿಡಿದೆ. ಅಳತೆ 1:19, ಅಂದರೆ ಅಸಲಿಯ ಹತ್ತೊಂಬತ್ತರಲ್ಲಿ ಒಂದು ಪಾಲು; ಹಳಿಯ ಅಗಲ 32 ಮಿ.ಮೀ. ಗುಣಿಸಿದರೆ 608 ಬರುತ್ತದೆ, ಅಸಲಿ ಹಳಿ 610. ಎರಡು ಮಿ.ಮೀ.ಗೆ ಯಾರು ಜಗಳ ಆಡ್ತಾರೆ?

ಈ ಎಂಜಿನ್ನಿನ ತಲೆನೋವೆಲ್ಲ ಸ್ಯಾಡಲ್ ಟ್ಯಾಂಕಿನದು. ಕುದುರೆಯ ಜೀನಿನ ಹಾಗೆ ಬಾಯ್ಲರಿನ ಮೇಲೆ ಕವುಚಿ ಕೂತ ನೀರಿನ ತೊಟ್ಟಿ. ಚಾಲಕ ನಿಲ್ಲುವ ಚಪ್ಪಟೆ ಗೋಡೆಯ ಕ್ಯಾಬನ್ನು ರಟ್ಟಿನಲ್ಲಿ ಬೇಕಾದರೂ ಮಾಡಬಹುದು. ಆ ಬಾಗು ಬರಬೇಕಲ್ಲ! ಹಿಂದಿನ ಮಳೆಗಾಲ ಪೂರ್ತಿ ಹಿತ್ತಲಿನ ಶೆಡ್ಡಿನಲ್ಲಿ ಕೂತು ಮೂರು ಬಗೆಯ ಟ್ಯಾಂಕ್ ಮಾಡಿಸಿ, ಮಾಡಿ ನೋಡಿದೆ. ಕೆಳಗಿನ ಚಾಸಿ ಮೂರಕ್ಕೂ ಒಂದೇ. ಎನ್20 ಅನ್ನೋ ಪುಟ್ಟ ಗೇರ್ ಮೋಟಾರು, ಬ್ಯಾಟರಿ, ಅಷ್ಟೇ.

ಮೊದಲು ಹಿತ್ತಾಳೆ, ಅರ್ಧ ಮಿ.ಮೀ. ತಗಡು. ಸುಮ್ನೆ ಬಗ್ಗಿಸಿದೆ, ಕೈಬಿಟ್ಟ ಕೂಡಲೇ ಸೆಟೆದು ವಾಪಸ್ ಬಂತು. ಗ್ಯಾಸ್ ಒಲೆಯಲ್ಲಿ ಮಂಕು ಕೆಂಪಾಗುವ ತನಕ ಕಾಯಿಸಿ ನೀರಿಗೆ ಅದ್ದಿದ ಮೇಲೆ ಒದ್ದೆ ರಟ್ಟಿನ ಹಾಗೆ ಬಾಗಿತು. ಕಷ್ಟ ಶುರುವಾದದ್ದು ಬೆಸುಗೆಯಲ್ಲಿ. ರೇಡಿಯೋ ರಿಪೇರಿಯ 25 ವ್ಯಾಟಿನ ಐರನ್ ಏನೂ ಸಾಲದು, ಕಾವನ್ನೆಲ್ಲ ತಗಡೇ ಕುಡಿದುಬಿಡುತ್ತದೆ. 100 ವ್ಯಾಟಿನದು ತಂದೆ. ಎರಡನೇ ಬೆಸುಗೆ ಹಾಕುವಾಗ ಮೊದಲನೆಯದು ಬಿಟ್ಟುಕೊಂಡಿತು. ಮೊದಲಿನದರ ಮೇಲೆ ಒದ್ದೆ ಬಟ್ಟೆ ಇಡಬೇಕಂತೆ. ಗೊತ್ತಾಗುವ ಹೊತ್ತಿಗೆ ಕರೆಂಟ್ ಹೋಯಿತು. ಬೇಸರದಲ್ಲಿ ಬೆಸುಗೆ ಹಿಡಿಯಲೆಂದು ಹಚ್ಚಿದ ಫ್ಲಕ್ಸ್ ತೊಳೆಯದೆ ಮಲಗಿದೆ. ನಮ್ಮ ಜಡಿಮಳೆಯ ತೇವಕ್ಕೆ ವಾರದಲ್ಲೇ ಹಸಿರು ಕಿಲುಬು! ಕೊನೆಗೆ ಹುಣಸೆಹಣ್ಣು ಹಾಕಿ ಉಜ್ಜಿದೆ. ಆದರೆ ಒಪ್ಪಲೇಬೇಕು, ಭಾರದಲ್ಲಿ ಇದಕ್ಕೆ ಸಾಟಿ ಇಲ್ಲ. ಏರುದಾರಿಯಲ್ಲಿ ಚಕ್ರ ಒಮ್ಮೆಯೂ ಜಾರಲಿಲ್ಲ.

ಎರಡನೆಯದು ರೆಸಿನ್, ಅಂದರೆ ದ್ರವ ಪ್ಲಾಸ್ಟಿಕ್ಕಿನ 3ಡಿ ಪ್ರಿಂಟ್. ಅದರ ಬಗ್ಗೆ ಹೇಳೋದು ಕಡಿಮೆ. ಕಂಪ್ಯೂಟರಿನಲ್ಲಿ ಬರೆದು ಬೆಂಗಳೂರಿಗೆ ಕಳಿಸಿದೆ, ಪಾರ್ಸಲ್ ಬಂತು. ಒಂದೊಂದು ರಿವೆಟ್ಟೂ ಎದ್ದು ಕಾಣುತ್ತಿತ್ತು. ಸ್ಕ್ರೂ ಬಿಗಿ ಮಾಡಿದೆ, ಬಿರುಕು ಬಿಟ್ಟಿತು. ಅದೂ ಅಲ್ಲದೆ ನಾನು ಮಾಡಿದ್ದು ಅಂತ ಹೇಳಿಕೊಳ್ಳೋಕೆ ಏನಿದೆ ಅದರಲ್ಲಿ?

ಮೂರನೆಯದು ನಲ್ಲಿ ಕೆಲಸದಲ್ಲಿ ಉಳಿದ 75 ಮಿ.ಮೀ. ಪಿವಿಸಿ ಪೈಪಿನ ತುಂಡು. ಉದ್ದಕ್ಕೆ ಸೀಳಿ, ಕುದಿನೀರಿಗೆ ಅದ್ದಿ, ಮರದ ಅಚ್ಚಿನ ಮೇಲೆ ಒತ್ತಿ ಹಿಡಿದು ತಣ್ಣೀರು ಸುರಿದೆ. ಕೂತುಬಿಟ್ಟಿತು! ಎರಡು ತುದಿಗೆ ಸನ್‌ಬೋರ್ಡ್ ಅನ್ನೋ ಹಗುರ ಪ್ಲಾಸ್ಟಿಕ್ ಹಲಗೆಯ ಮುಚ್ಚಳ. ಅಂಟಿನ ಹನಿಗಳೇ ರಿವೆಟ್ಟು, ಹತ್ತಿರದಿಂದ ನೋಡಬೇಡಿ. ತೊಂದರೆ ಅಂದ್ರೆ ಹಗುರ. ಒಂದು ಘನ ಸೆಂ.ಮೀ. ಹಿತ್ತಾಳೆ 8.5 ಗ್ರಾಂ ತೂಗಿದರೆ ಪಿವಿಸಿ 1.4ರ ಆಸುಪಾಸು. ಏರಿನಲ್ಲಿ ಚಕ್ರ ನಿಂತಲ್ಲೇ ತಿರುಗಿತು. ಟೈರ್ ಅಂಗಡಿಯಿಂದ ಬ್ಯಾಲೆನ್ಸಿಂಗ್‌ಗೆ ಹಾಕುವ ಹಳೇ ಸೀಸದ ತುಂಡು ತಂದು ಒಳಗೆ ಅಂಟಿಸಿದೆ. ಈಗ ಮೂರು ಬೋಗಿ ಎಳೆಯುತ್ತದೆ.

ಎಂಜಿನ್ನಿನ ಮೇಲೆ ಇವತ್ತು ಇರುವುದು ಪೈಪೇ. ಕ್ಯಾಬು, ಹಿಡಿಕಂಬಿ ಹಿತ್ತಾಳೆ. ರೆಸಿನ್ ಏನಿದ್ದರೂ ಚಿಮಣಿಗೆ, ದೀಪಕ್ಕೆ. ಕಲ್ಲಿದ್ದಲು ಒಡೆಯೋಕೆ ಡಾರ್ಜಿಲಿಂಗ್‌ನಲ್ಲಿ ಎಂಜಿನ್ನಿನ ಮೇಲೇ ಒಬ್ಬ ಕೂರುತ್ತಾನಲ್ಲ, ಅವನನ್ನು ಜೇಡಿಮಣ್ಣಿನಲ್ಲಿ ಮಾಡೋಣ ಅಂತಿದ್ದೇನೆ. ಹಿತ್ತಾಳೆ ಟ್ಯಾಂಕು ಈಗ ಮೇಜಿನ ಮೇಲೆ ಪೆನ್ಸಿಲ್ ಡಬ್ಬಿ. ದೇವರ ದೀಪಗಳ ಜೊತೆ ಗುರುವಾರ ಸಂಜೆ ಅದಕ್ಕೂ ಹುಣಸೆಹಣ್ಣಿನ ಸ್ನಾನ.