ಅಂತರ್ಜಲ ಮಾದರಿಗೆ ಜೋನ್ ಹಾಕುವ ಮೂರು ದಾರಿ: ಯಾವುದು ವಾಸಿ?

ಕೋಲಾರದಂಥ ಗಟ್ಟಿ ಕಲ್ಲಿನ ನೆಲಕ್ಕೆ ಮಾಡ್‌ಫ್ಲೋ (ಅಂತರ್ಜಲದ ಹರಿವನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್) ಮಾದರಿ ಕಟ್ಟುವಾಗ ಜಾಸ್ತಿ ತಲೆ ತಿನ್ನುವುದು ಜೋನ್‌ಗಳು, ಅಂದರೆ ನೀರು ಒಂದೇ ರೀತಿ ಹರಿಯುವ ಭಾಗಗಳು. ಮೇಲೆ ಶಿಥಿಲವಾದ ಕಲ್ಲು, ಕೆಳಗೆ ಬಿರುಕು ಬಿಟ್ಟ ನೈಸ್ ಎಂಬ ಗಟ್ಟಿ ಕಲ್ಲು, ನಡುವೆ ಅಡ್ಡಗೋಡೆಯಂತೆ ನಿಂತ ಡೋಲರೈಟ್ ಡೈಕ್ (ಬಿರುಕಿನಲ್ಲಿ ನುಗ್ಗಿ ಗಟ್ಟಿಯಾದ ಕಪ್ಪು ಕಲ್ಲಿನ ಪಟ್ಟಿ). ಒಂದೊಂದರಲ್ಲೂ ನೀರು ಹರಿಯುವ ರೀತಿ ಬೇರೆ. ಅದನ್ನು ಸಾಫ್ಟ್‌ವೇರ್‌ಗೆ ತಿಳಿಸಲು ಮೂರು ದಾರಿ ಹಿಡಿದು ನೋಡಿದೆ.

ಮೊದಲನೆಯದು, ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್‌ನಲ್ಲಿ ಒಂದೊಂದೇ ಸೆಲ್ (ನೆಲವನ್ನು ಭಾಗ ಮಾಡುವ ಗ್ರಿಡ್ ಎಂಬ ಜಾಲದ ಒಂದು ಮನೆ) ಆರಿಸಿ ಬಣ್ಣ ಬಳಿಯುವುದು. ಕಲಿಯಲು ಇದೇ ಸುಲಭ, ಕೆಲಸವೂ ಬೇಗ. ಆದರೆ ಜೋನ್ ಸೆಲ್‌ಗೇ ಅಂಟಿಕೊಂಡಿರುತ್ತದೆ. ಬೋರ್‌ವೆಲ್‌ಗಳ ಸುತ್ತ 200 ಮೀಟರ್ ಸೆಲ್ ಅನ್ನು 50 ಮೀಟರ್‌ಗೆ ಇಳಿಸಿದರೂ ಗಡಿ ಹಳೆಯ ದೊಡ್ಡ ಮೆಟ್ಟಿಲಿನಂತೆಯೇ ಉಳಿಯುತ್ತದೆ. ಓರೆಯಾಗಿ ಸಾಗುವ ಬಿರುಕಿನಲ್ಲಿ ಇನ್ನೊಂದು ತೊಡಕಿದೆ. ಮೂಲೆಗೆ ಮೂಲೆ ತಾಗುವಂತೆ ಸೆಲ್ ಆರಿಸಿದರೆ ಪರದೆ ಮೇಲೆ ಒಂದೇ ಗೆರೆ ಕಾಣುತ್ತದೆ. ಆದರೆ ಇಂಥ ಚೌಕದ ಗ್ರಿಡ್‌ನಲ್ಲಿ ನೀರು ಸೆಲ್‌ನ ಪಕ್ಕದಿಂದ ದಾಟುತ್ತದೆ, ಮೂಲೆಯಿಂದ ದಾಟುವುದಿಲ್ಲ. ಅಂದರೆ ಆ ಬಿರುಕು ಪ್ರತಿ ಸೆಲ್‌ಗೂ ತುಂಡಾಗಿರುತ್ತದೆ!

ಎರಡನೆಯದು ಮಾಡೆಲ್‌ಮ್ಯೂಸ್. ಅಮೆರಿಕದ ಸರ್ಕಾರಿ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ಕೊಡುವ ಉಚಿತ ಸಾಫ್ಟ್‌ವೇರ್. ಇದರಲ್ಲಿ ಎಳೆದ ಗೆರೆ, ಬಹುಭುಜಗಳು ಗ್ರಿಡ್‌ನ ಹಂಗಿಲ್ಲದೆ ಇರುತ್ತವೆ. ಗ್ರಿಡ್ ಬದಲಿಸಿದರೆ ಸೆಲ್‌ಗಳ ಮೌಲ್ಯಗಳು ತಾವೇ ಹೊಸದಾಗಿ ಕೂರುತ್ತವೆ. ನನಗೆ ಬಹಳ ಹಿಡಿಸಿದ್ದು ಇದೇ. ಒಂದರ ಮೇಲೊಂದು ಬಂದರೆ ಕೊನೆಯದೇ ಗೆಲ್ಲುತ್ತದೆ, ಹಾಗಾಗಿ ದೊಡ್ಡದನ್ನು ಮೊದಲು, ಚಿಕ್ಕದನ್ನು ಆಮೇಲೆ ಎಳೆಯಬೇಕು.

ಡೈಕ್ ವಿಷಯದಲ್ಲಿ ಮಾತ್ರ ಯೋಚಿಸಿ ಆರಿಸಿ. 20 ಮೀಟರ್ ಅಗಲದ ಡೈಕ್, 200 ಮೀಟರ್‌ನ ಸೆಲ್ ಎಂದುಕೊಳ್ಳಿ. 'ಒಳಗಿರುವ ಸೆಲ್' ಎಂದು ಆರಿಸಿದರೆ ನಡುಬಿಂದು ಒಳಗೆ ಬಿದ್ದ ಸೆಲ್ ಮಾತ್ರ ಸಿಗುತ್ತದೆ, ಡೈಕ್ ಅಲ್ಲೊಂದು ಇಲ್ಲೊಂದು ಚುಕ್ಕಿಯಾಗುತ್ತದೆ. 'ಹಾದುಹೋಗುವ ಸೆಲ್' ಎಂದರೆ 200 ಮೀಟರ್ ದಪ್ಪದ ಗೋಡೆಯಾಗುತ್ತದೆ. ಎರಡೂ ಸುಳ್ಳು ಅಲ್ವಾ? ಅಲ್ಲಿ ಜೋನ್ ಬಿಟ್ಟು ಎಚ್‌ಎಫ್‌ಬಿ ಪ್ಯಾಕೇಜಿನ (ಸೆಲ್‌ಗಳ ನಡುವೆ ತೆಳು ತಡೆ ಹಾಕುವ ಮಾಡ್‌ಫ್ಲೋ ಭಾಗ) ತಡೆಗೆರೆ ಹಾಕುವುದು ವಾಸಿ. ಡೈಕ್‌ನ ವಾಹಕತೆಯನ್ನು (ನೀರನ್ನು ಎಷ್ಟು ಸುಲಭವಾಗಿ ಹರಿಯಬಿಡುತ್ತದೆ ಎಂಬ ಅಳತೆ) ಅಗಲದಿಂದ ಭಾಗಿಸಿ ಕೊಟ್ಟರಾಯಿತು. ದಿನಕ್ಕೆ 0.001 ಮೀಟರ್ ಎಂದಿಟ್ಟುಕೊಂಡರೆ 20ರಿಂದ ಭಾಗಿಸಿ 0.00005.

ಮೂರನೆಯದು ಫ್ಲೋಪೈ, ಪೈಥಾನ್ ಕೋಡ್ ಬರೆದು ಮಾಡ್‌ಫ್ಲೋ ಮಾದರಿ ಕಟ್ಟುವ ಸಾಧನ. ಇದು ಪೈಥಾನ್ ಗೊತ್ತಿದ್ದವರಿಗೆ. ಸೆಲ್‌ಗಳಿಗೆ 1, 2, 3 ಎಂದು ಜೋನ್ ಸಂಖ್ಯೆ, ಪಕ್ಕದಲ್ಲಿ ಆ ಸಂಖ್ಯೆಗೆ ತಕ್ಕ ಮೌಲ್ಯಗಳ ಪಟ್ಟಿ. ಬಾವಿಯಲ್ಲಿ ಅಳೆದ ಮಟ್ಟಕ್ಕೆ ಮಾದರಿಯನ್ನು ಹೊಂದಿಸುವಾಗ ಪಟ್ಟಿಯಲ್ಲಿ ಒಂದು ಅಂಕಿ ಬದಲಿಸಿ ಮತ್ತೆ ಓಡಿಸಿದರೆ ಮುಗಿಯಿತು. ಆದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಪದರದ ಎಣಿಕೆ ಬೇರೆ 0ಯಿಂದ ಶುರು. ಪ್ರತಿ ಪದರದ ನಕ್ಷೆ ಬರೆಸಿ ನೋಡದೆ ಮುಂದೆ ಹೋಗಬೇಡಿ.

ನಾನು ಈಗ ಎಳೆಯುವುದು ಮಾಡೆಲ್‌ಮ್ಯೂಸ್‌ನಲ್ಲಿ, ಹೊಂದಿಸುವುದು ಫ್ಲೋಪೈನಲ್ಲಿ. ಸೆಲ್‌ಗೆ ಬಣ್ಣ ಬಳಿಯುವುದು ತರಗತಿಯ ಪಾಠಕ್ಕೆ ಸಾಕು.

ಯಾವ ದಾರಿ ಹಿಡಿದರೂ, ನೀರಿನ ಲೆಕ್ಕ ತೆಗೆಯುವ ಜೋನ್‌ಬಜೆಟ್‌ಗೆ ಇದೇ ಜೋನ್‌ಗಳನ್ನು ಸುಮ್ನೆ ಎತ್ತಿ ಕೊಡಬೇಡಿ. ಅಲ್ಲಿ ಭಾಗ ಮಾಡಬೇಕಾದ್ದು ನಮ್ಮ ಪ್ರಶ್ನೆಗೆ ತಕ್ಕಂತೆ. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದರಲ್ಲಿ ಎಷ್ಟು ಇಂಗುತ್ತದೆ, ಎಷ್ಟು ಡೈಕ್ ದಾಟುತ್ತದೆ ಎಂದು ತಿಳಿಯಲು ಕೆರೆಯಂಗಳದ ಕೆಳಗೊಂದು ಜೋನ್, ಡೈಕ್‌ನ ಎರಡೂ ಬದಿಗೆ ಒಂದೊಂದು ಜೋನ್ ಬೇಕು. ಲೆಕ್ಕಕ್ಕೆ ಬೇಡದ ಸೆಲ್‌ಗಳಿಗೆ 0 ಕೊಡಿ.