ಎರಡು ಸ್ವಿಫ್ಟ್, ಒಂದೇ ಶಿರಾಡಿ ಘಾಟಿ: 2012ರ ಕಾರು ಕೊಟ್ಟು 2021ರದ್ದು ತಂದಾಗ ಸಿಕ್ಕಿದ್ದೇನು

ನಮ್ಮ ಮನೆಯಲ್ಲಿ ಮೊದಲು ಇದ್ದದ್ದು 2012ರ ಪೆಟ್ರೋಲ್ ಸ್ವಿಫ್ಟ್. ಅದನ್ನು 1,26,000 ಕಿಮೀ ಓಡಿಸಿ, 2021ರ ಏಪ್ರಿಲ್‌ನಲ್ಲಿ ಕೊಟ್ಟು, ಆ ವರ್ಷವೇ ಬಂದ ಹೊಸ ಸ್ವಿಫ್ಟ್ ವಿಎಕ್ಸ್ಐ ತಂದೆವು. ಅದೂ ಈಗ 62,000 ಕಿಮೀ ದಾಟಿದೆ. ಎರಡೂ ಮ್ಯಾನುವಲ್ ಗೇರ್. ಓಡಾಟವೂ ಬದಲಾಗಿಲ್ಲ. ವಾರಕ್ಕೆ ಮೂರು ದಿನ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗಿ ಬರುತ್ತೇನೆ. ತಿಂಗಳಿಗೊಮ್ಮೆ ಶಿರಾಡಿ ಘಾಟಿ ಇಳಿದು ಪುತ್ತೂರಿನ ಮಾವನ ಮನೆಗೆ ಹೋಗುತ್ತೇವೆ. ಓಡಿಸುವವನು ಒಬ್ಬನೇ, ದಾರಿಯೂ ಅದೇ. ಹೀಗಾಗಿ ಎರಡು ಮಾಡೆಲ್‌ಗಳ ನಡುವೆ ಏನು ಬದಲಾಯಿತು ಅಂತ ಹೇಳುವ ಧೈರ್ಯ ಮಾಡುತ್ತಿದ್ದೇನೆ.

ಮೊದಲು ಕಂಪನಿ ಹೇಳಿದ ಅಂಕಿ. ಹಳೆ ಕಾರು 87 ಪಿಎಸ್ (ಎಂಜಿನ್ ಪವರಿನ ಅಳತೆ), ಲೀಟರಿಗೆ 18.6 ಕಿಮೀ. ಹೊಸದು 90 ಪಿಎಸ್, 23.2 ಕಿಮೀ. ಅಂದರೆ ಒಂಬತ್ತು ವರ್ಷದಲ್ಲಿ ಪವರ್ ಏರಿದ್ದು ಬರೀ 3 ಪಿಎಸ್, ಮೈಲೇಜ್ ಏರಿದ್ದು ಕಾಲು ಭಾಗ. ಶೋರೂಮಿನಲ್ಲಿ ನಾನು ಮೊದಲು ನೋಡಿದ್ದು 90 ಪಿಎಸ್ ಅನ್ನೋದನ್ನೇ. ಎರಡನೇ ಅಂಕಿಯೇ ದೊಡ್ಡದು ಅಂತ ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಈಗ ನನ್ನ ಲೆಕ್ಕ. ಮೀಟರ್ ತೋರಿಸುವ ಮೈಲೇಜನ್ನು ನಾನು ನಂಬುವುದಿಲ್ಲ. ಪ್ರತಿ ಸಲ ಟ್ಯಾಂಕ್ ಫುಲ್ ಮಾಡಿಸಿ, ಲೀಟರ್ ಮತ್ತು ಕಿಮೀ ಎರಡನ್ನೂ ಪುಸ್ತಕದಲ್ಲಿ ಬರೆದಿಡುತ್ತೇನೆ. ಹಳೆ ಕಾರಿನ ಒಟ್ಟು ಸರಾಸರಿ 14.6. ಹೊಸದರದ್ದು ಇಲ್ಲಿಯವರೆಗೆ 18.1. ಕಂಪನಿ ಹೇಳಿದಷ್ಟು ಎರಡರಲ್ಲೂ ಬಂದಿಲ್ಲ, ಅದು ಸಹಜ. ಆ ಪರೀಕ್ಷೆ ನಡೆಯುವುದು ಲ್ಯಾಬಿನಲ್ಲಿ, ರೋಲರ್‌ಗಳ ಮೇಲೆ, ಎಸಿ ಇಲ್ಲದೆ, 90 ಕಿಮೀ ವೇಗ ಮೀರದೆ. ನಮ್ಮ ಘಾಟಿ, ಹಂಪು, ಮಳೆ ಅಲ್ಲಿ ಎಲ್ಲಿ ಬರಬೇಕು? ಆದರೆ ಎರಡು ಕಾರುಗಳ ನಡುವಿನ ಅಂತರ ಮಾತ್ರ ನನ್ನ ಪುಸ್ತಕದಲ್ಲೂ ಹೆಚ್ಚುಕಮ್ಮಿ ಅಷ್ಟೇ ಬಂದಿದೆ. ಕಾಲು ಭಾಗ ಜಾಸ್ತಿ. 62,000 ಕಿಮೀಗೆ ಲೆಕ್ಕ ಹಾಕಿದರೆ ಸುಮಾರು 820 ಲೀಟರ್ ಪೆಟ್ರೋಲ್ ಉಳಿದಿದೆ.

ಇದು ಹೇಗಾಯಿತು ಅಂತ ತಿಳಿಯುವ ಆಸೆ ನನಗೆ ಮೊದಲಿನಿಂದಲೂ ಇತ್ತು. ಎರಡೂ 1197 ಸಿಸಿ. ಎರಡರಲ್ಲೂ ಸಿಲಿಂಡರಿನ ಅಗಲ 73 ಮಿಮೀ, ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ 71.5 ಮಿಮೀ. ಒಂದು ಮಿಲಿಮೀಟರ್ ಕೂಡ ಬದಲಾಗಿಲ್ಲ! ಬದಲಾಗಿದ್ದು ಪೆಟ್ರೋಲ್ ಒಳಗೆ ಹೋಗುವ ರೀತಿ, ಗಾಳಿ ಒಳಗೆ ಬರುವ ರೀತಿ, ಹೊಗೆ ಹೊರಗೆ ಹೋಗುವ ರೀತಿ.

ಹಳೆಯದರಲ್ಲಿ ಪ್ರತಿ ಸಿಲಿಂಡರಿಗೆ ಪೆಟ್ರೋಲ್ ಸಿಂಪಡಿಸುವ ಒಂದು ಇಂಜೆಕ್ಟರ್. ಹೊಸದರಲ್ಲಿ ಎರಡು, ಅದೂ ವಾಲ್ವಿಗೆ ತೀರಾ ಹತ್ತಿರ. ಡ್ಯುಯಲ್‌ಜೆಟ್ ಅನ್ನುವುದು ಇದನ್ನೇ. ಮಲೆನಾಡಿನ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಬಚ್ಚಲ ಒಲೆಗೆ ದಪ್ಪ ಕೊರಡು ತುರುಕಿದರೆ ಹೊಗೆಯೇ ಜಾಸ್ತಿ. ಅದನ್ನೇ ಸಣ್ಣ ಚಕ್ಕೆ ಮಾಡಿ ಇಟ್ಟರೆ ಪೂರ್ತಿ ಉರಿಯುತ್ತದೆ, ನೀರೂ ಬೇಗ ಕಾಯುತ್ತದೆ. ಪೆಟ್ರೋಲ್ ಹನಿ ಸಣ್ಣದಾದಷ್ಟೂ ಹಾಗೆಯೇ. ಗೋಡೆಗೆ ಅಂಟಿ ವ್ಯರ್ಥವಾಗುವುದು ಕಡಿಮೆ. ಹನಿ ಆವಿಯಾಗುವಾಗ ಒಳಗೆ ಬರುವ ಗಾಳಿಯೂ ತಂಪಾಗುತ್ತದೆ. ತಂಪಾದರೆ ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಹೊತ್ತಿ ಎಂಜಿನ್ ಟಕಟಕ ಬಡಿಯುವುದು) ಕಡಿಮೆ. ನಾಕಿಂಗ್ ಭಯ ಇಲ್ಲದಿದ್ದರೆ ಗಾಳಿ ಪೆಟ್ರೋಲನ್ನು ಇನ್ನೂ ಗಟ್ಟಿಯಾಗಿ ಒತ್ತಿ ಉರಿಸಬಹುದು. ಗಟ್ಟಿಯಾಗಿ ಒತ್ತಿದಷ್ಟೂ ಅದೇ ಹನಿಯಿಂದ ಜಾಸ್ತಿ ಕೆಲಸ.

ಇನ್ನೊಂದು, ಹೊಗೆಯಲ್ಲಿ ಸ್ವಲ್ಪವನ್ನು ತಣ್ಣಗೆ ಮಾಡಿ ಮತ್ತೆ ಒಳಗೆ ಕಳಿಸುವುದು. ಉರಿದ ಹೊಗೆಯನ್ನು ಮತ್ತೆ ಯಾಕೆ ಕಳಿಸಬೇಕು ಅಂತ ನನಗೂ ಮೊದಲು ಅನಿಸಿತ್ತು. ನಿಧಾನವಾಗಿ ಹೋಗುವಾಗ ಥ್ರಾಟಲ್, ಅಂದರೆ ಗಾಳಿ ಬರುವ ದಾರಿಯ ಬಾಗಿಲು, ಬಹುಪಾಲು ಮುಚ್ಚಿರುತ್ತದೆ. ಆಗ ಎಂಜಿನ್ ಪಾಡು ಮೂಗು ಅರ್ಧ ಹಿಡಿದುಕೊಂಡು ಉಸಿರೆಳೆದ ಹಾಗೆ. ಆ ಎಳೆತಕ್ಕೇ ಒಂದಿಷ್ಟು ಪೆಟ್ರೋಲ್ ಖರ್ಚಾಗುತ್ತದೆ. ತಣ್ಣನೆ ಹೊಗೆ ಸ್ವಲ್ಪ ಜಾಗ ತುಂಬಿದರೆ ಥ್ರಾಟಲ್ ಜಾಸ್ತಿ ತೆರೆಯಬಹುದು, ಉಸಿರಾಟ ಸಲೀಸಾಗುತ್ತದೆ. ವಾಲ್ವ್ ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುವ ವ್ಯವಸ್ಥೆ ಕೂಡ ಈಗ ಗಾಳಿ ಬರುವ ಕಡೆ, ಹೊಗೆ ಹೋಗುವ ಕಡೆ ಎರಡಕ್ಕೂ ಇದೆ.

ಆದರೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಎಂಜಿನ್ ಒಳಗೆ ಆಗಿದ್ದಲ್ಲ. ತೂಕ! 2018ರಲ್ಲಿ ಸ್ವಿಫ್ಟ್ ಹೊಸ ಚಾಸಿಗೆ ಬಂದಾಗ ಹಳೆಯದಕ್ಕಿಂತ ಸುಮಾರು 85 ಕೆಜಿ ಇಳಿಯಿತು. ಹಳೆ ಕಾರಿನಲ್ಲಿ ನಾವು ನಾಲ್ಕು ಜನ ಹೋಗುವಾಗ ಐದನೆಯವರೊಬ್ಬರು ಸದಾ ಕೂತೇ ಇದ್ದರು ಅಂತ ಇಟ್ಟುಕೊಳ್ಳಿ. ಅವರನ್ನು ಇಳಿಸಿದ ಹಾಗಾಯಿತು. ಟನ್ ಲೆಕ್ಕದಲ್ಲಿ ಹೇಳಿದರೆ ಹಳೆಯದಕ್ಕೆ ಟನ್ನಿಗೆ ಸುಮಾರು 90 ಪಿಎಸ್, ಹೊಸದಕ್ಕೆ ಸುಮಾರು 102.

ಇದು ಗೊತ್ತಾಗುವುದು ಶಿರಾಡಿ ಘಾಟಿಯ ಬುಡದ ಗುಂಡ್ಯ ದಾಟಿ ಮೇಲಿನ ದೋಣಿಗಾಲಿನ ಕಡೆ ಹತ್ತುವಾಗ. ಪುತ್ತೂರಿನಿಂದ ಬರುವಾಗ ಡಿಕ್ಕಿ ಯಾವತ್ತೂ ಖಾಲಿ ಇರಲ್ಲ. ತೆಂಗಿನಕಾಯಿ, ಹಲಸಿನಹಣ್ಣು, ಅತ್ತೆ ಕೊಟ್ಟ ಉಪ್ಪಿನಕಾಯಿ ಭರಣಿ. ಹಳೆ ಕಾರಿನಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡರೆ ಸೆಕೆಂಡ್ ಗೇರಿಗೆ ಇಳಿಸಿ, ಎಂಜಿನ್ ಕೂಗಿಸಿಯೇ ಮುಂದೆ ಹೋಗಬೇಕಿತ್ತು. ಈಗ ಅದೇ ತಿರುವುಗಳಲ್ಲಿ ಎಷ್ಟೋ ಕಡೆ ಥರ್ಡ್ ಗೇರ್ ಸಾಕು. ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, ಹೆಚ್ಚಾಗಿದೆ ಅಂದುಕೊಂಡಿದ್ದೆ. ನೋಡಿದರೆ ಹಳೆಯದು 4000 ಆರ್‌ಪಿಎಂನಲ್ಲಿ 114 ಎನ್ಎಂ, ಹೊಸದು 4400ರಲ್ಲಿ 113! ಎಳೆಯುವ ಬಲ ಅಷ್ಟೇ ಇದೆ, ಎಳೆಯಬೇಕಾದ ಭಾರ ಇಳಿದಿದೆ.

ಟೈರ್ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದೆ. 40,000 ಕಿಮೀಗೆ ಟೈರ್ ಬದಲಿಸಲು ಹೋದಾಗ ಅಂಗಡಿಯವರು ಒತ್ತಾಯ ಮಾಡಿ 165/80 ಬದಲು ಇನ್ನೂ ಅಗಲದ 185/70 ಹಾಕಿಸಿದರು. ಗ್ರಿಪ್ ಚೆನ್ನಾಗಿರುತ್ತೆ, ಮೈಲೇಜಿಗೆ ಏನೂ ಆಗಲ್ಲ ಅಂದರು. ಚಕ್ರದ ಎತ್ತರ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಮೀಟರ್ ತಪ್ಪು ತೋರಿಸಿತು ಅನ್ನುವ ಹಾಗೂ ಇಲ್ಲ. ಐದು ಟ್ಯಾಂಕ್ ಲೆಕ್ಕ ನೋಡಿದೆ, ಲೀಟರಿಗೆ ಒಂದು ಕಿಮೀ ಹತ್ತಿರ ಬಿದ್ದಿತ್ತು. ಎಂಜಿನಿಯರುಗಳು ಹನಿ ಹನಿ ಸೇರಿಸಿ ಉಳಿಸಿದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಕಳೆದಿದ್ದೆ, ನಿಜವಾಗಿಯೂ ಬೇಜಾರಾಯಿತು. ನಷ್ಟ ಮಾಡಿಕೊಂಡೇ ಮತ್ತೆ ಹಳೆ ಸೈಜಿಗೆ ಬಂದೆ, ಮೈಲೇಜೂ ವಾಪಸ್ ಬಂತು. ಕಾರಿನ ಪುಸ್ತಕದಲ್ಲಿ ಬರೆದಿರುವ ಟೈರ್ ಸೈಜ್, ಎಂಜಿನ್ ಆಯಿಲ್‌ನ ದಪ್ಪ ಎರಡನ್ನೂ ದಯವಿಟ್ಟು ಬದಲಿಸಬೇಡಿ.

ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆಗುವ ಸೌಲಭ್ಯ ಹಾಸನದಲ್ಲಿ ಅಷ್ಟೇನೂ ಉಪಯೋಗಕ್ಕೆ ಬರಲ್ಲ. ನ್ಯೂಟ್ರಲ್‌ಗೆ ಹಾಕಿ ಕ್ಲಚ್ ಬಿಟ್ಟರೆ ಮಾತ್ರ ಆಫ್ ಆಗುವುದು. ಬೆಂಗಳೂರಿಗೆ ಹೋದಾಗ ಗೊರಗುಂಟೆಪಾಳ್ಯದಲ್ಲಿ ನಿಂತರೆ ಅದರ ಬೆಲೆ ತಿಳಿಯುತ್ತದೆ.

ಕಂಪನಿಗಳು ಇಷ್ಟೆಲ್ಲ ಯಾಕೆ ಮಾಡುತ್ತವೆ? ನಾವು ಕೇಳುತ್ತೇವೆ ಅನ್ನುವುದು ಒಂದು ಕಾರಣ. ದೊಡ್ಡ ಕಾರಣ ಸರ್ಕಾರದ ನಿಯಮ. 2005ರ ಮೊದಲ ಸ್ವಿಫ್ಟ್ 1298 ಸಿಸಿ ಇತ್ತು. 2006ರ ಬಜೆಟ್‌ನಲ್ಲಿ 4 ಮೀಟರ್ ಉದ್ದ, 1200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳಿಗೆ ಅಬಕಾರಿ ಸುಂಕ 24ರಿಂದ 16 ಶೇಕಡಾಕ್ಕೆ ಇಳಿಯಿತು. 2010ರಲ್ಲಿ ಸ್ವಿಫ್ಟಿಗೂ 1197 ಸಿಸಿ ಎಂಜಿನ್ ಬಂತು. 101 ಸಿಸಿ ಕಡಿಮೆಯಾದರೂ ಪವರ್ ಇಳಿದದ್ದು 87ರಿಂದ 85ಕ್ಕೆ ಮಾತ್ರ. ಆಮೇಲೆ ಕಂಪನಿ ಮಾರುವ ಕಾರುಗಳ ಸರಾಸರಿ ಕಾರ್ಬನ್ ಡೈಆಕ್ಸೈಡಿಗೆ ಮಿತಿ ಬಂತು. ಮೊದಲು ಕಿಮೀಗೆ 130 ಗ್ರಾಂ, 2022–23ರಿಂದ 113 ಗ್ರಾಂ. ಕೆಲವೊಮ್ಮೆ ನಿಯಮವೇ ಹಿಂದಕ್ಕೂ ಎಳೆಯುತ್ತದೆ. 2018ರಲ್ಲಿ 22 ಇದ್ದ ಸ್ವಿಫ್ಟಿನ ಮೈಲೇಜ್ ಹೊಗೆಯ ಹೊಸ ನಿಯಮ ಬಿಎಸ್6ಕ್ಕೆ ಬದಲಾದಾಗ 21.21ಕ್ಕೆ ಇಳಿದಿತ್ತು. ನನ್ನ ಕಾರಿನ ಎಂಜಿನ್ ಬಂದ ಮೇಲೆಯೇ 23.2 ಆಗಿದ್ದು.

ಇನ್ನು ಈಗಿನ ಪೆಟ್ರೋಲ್. ಮೊದಲ ವರ್ಷಗಳಲ್ಲಿ 18.4ರ ಆಸುಪಾಸು ಸಿಗುತ್ತಿತ್ತು, ಈಚೆಗೆ 17.6. ಎಥೆನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಅದನ್ನು 20 ಶೇಕಡಾ ಬೆರೆಸಿದ ಮೇಲೆ ಸ್ವಲ್ಪ ಇಳಿಯಲೇಬೇಕು ಅಲ್ವಾ?

2024ರ ಸ್ವಿಫ್ಟ್ ನಮ್ಮ ಭಾವನವರು ತಂದಿದ್ದಾರೆ. ಈ ಸಲ ಕಂಪನಿ ಪವರನ್ನೇ ಇಳಿಸಿದೆ. 90 ಇದ್ದದ್ದು 82 ಪಿಎಸ್. ಮೈಲೇಜ್ ಮಾತ್ರ 24.8. ಸಿಸಿ ಮತ್ತೆ 1197, ಆದರೆ ನಾಲ್ಕು ಸಿಲಿಂಡರ್ ಬದಲು ಮೂರು. ಉಜ್ಜುವ ಪಿಸ್ಟನ್ ಒಂದು ಕಡಿಮೆ. ಪಿಸ್ಟನ್ ಓಡುವ ದೂರ 71.5ರಿಂದ 92.8 ಮಿಮೀಗೆ ಏರಿದೆ. ಕಳೆದ ದೀಪಾವಳಿಗೆ ಪುತ್ತೂರಿನಲ್ಲಿ ಒಂದೇ ಬಂಕಿನಲ್ಲಿ ಎರಡೂ ಕಾರಿಗೆ ಟ್ಯಾಂಕ್ ಫುಲ್ ಮಾಡಿಸಿ, ಒಬ್ಬರ ಹಿಂದೆ ಒಬ್ಬರು ಹಾಸನದವರೆಗೆ ಬಂದೆವು. ಅರ್ಧ ದಾರಿಯಲ್ಲಿ ಕಾರು ಬದಲಾಯಿಸಿಕೊಂಡೆವು. ಅವರದ್ದು ಕಡಿಮೆ ಆರ್‌ಪಿಎಂನಲ್ಲಿ ನನ್ನದಕ್ಕಿಂತ ಚೆನ್ನಾಗಿ ಎಳೆಯುತ್ತದೆ, ಗೇರ್ ಇಳಿಸುವುದು ಕಡಿಮೆ. ಜೋರಾಗಿ ಓವರ್‌ಟೇಕ್ ಮಾಡುವಾಗ ನನ್ನದೇ ಚುರುಕು, ಸದ್ದೂ ನಯ. ಹಾಸನದಲ್ಲಿ ಮತ್ತೆ ತುಂಬಿಸಿ ನೋಡಿದರೆ, ಘಾಟಿ ಹತ್ತಿ ಬಂದ ಆ ಪ್ರಯಾಣದಲ್ಲಿ ನನ್ನದು 16.2, ಅವರದ್ದು 17.3 ಕೊಟ್ಟಿತ್ತು. ಭಾವ ತಿಂಗಳಿಗೆ ಮೂರು ಸಾವಿರ ಕಿಮೀ ಓಡಿಸುವವರು, ಅವರಿಗೆ ಅದು ಸರಿಯಾದ ಕಾರು. ನನ್ನ ಓಡಾಟಕ್ಕೆ ಆ ಒಂದು ಕಿಮೀಗೋಸ್ಕರ ಕಾರು ಬದಲಿಸುವ ಅಗತ್ಯ ಕಾಣಲಿಲ್ಲ. ನಾಲ್ಕು ಸಿಲಿಂಡರಿನ ಈ ಕಾರನ್ನು ಇನ್ನೂ ನಾಲ್ಕೈದು ವರ್ಷ ಇಟ್ಟುಕೊಳ್ಳುತ್ತೇನೆ.